ಜಗದೀಶಚಂದ್ರ ಬೋಸರೂ ಅವರ ತಂದೆಯೂ

ಆಚಾರ್ಯ ಜಗದೀಶಚಂದ್ರ ಬೋಸರ ಹೆಸರನ್ನು ಕೇಳದ ವಿದ್ಯಾರ್ಥಿಗಳು ನಮ್ಮ ಕಾಲೇಜಿನಲ್ಲಿ ಯಾರೂ ಇರಲಾರರು. ಗಿಡಮರಗಳೂ ಪೆಟ್ಟಿಗೆ, ಬಿಸಿಗೆ, ವಿಷಕ್ಕೆ ಪ್ರತಿಕ್ರಿಯೆ ತೋರಿಸುತ್ತವೆ ಎಂದು ಪ್ರಯೋಗದಿಂದ ಕಾಣಿಸಿದವರು ಎಂಬ ಒಂದು ವಾಕ್ಯವನ್ನು ನಾವೆಲ್ಲರೂ ಚಿಕ್ಕ ತರಗತಿಗಳಲ್ಲೇ ಬಾಯಿಪಾಠ ಮಾಡಿದ್ದೇವೆ. ಅವರ ಸಂಶೋಧನೆಗಳನ್ನು ವಿವರಿಸುವ ಅರ್ಹತೆ ನನಗಿಲ್ಲ. ನಾನು ಇತಿಹಾಸವನ್ನೂ ಅರ್ಥಶಾಸ್ತ್ರವನ್ನೂ ಓದುತ್ತಿರುವವಳು. ಆದರೆ ಅವರ ಜೀವನವೃತ್ತಾಂತವನ್ನು ಓದುತ್ತಿದ್ದಾಗ ನನ್ನ ಗಮನವನ್ನು ಮೊದಲು ಸೆಳೆದವರು ಮಗನಲ್ಲ, ತಂದೆ. ಮಗನ ಕೀರ್ತಿಯಲ್ಲಿ ಒಂದು ಕಾಸಿನಷ್ಟನ್ನೂ ಕಾಣದೆ ಕಣ್ಣು ಮುಚ್ಚಿದ ಆ ತಂದೆಯನ್ನು ಜೊತೆಗಿಟ್ಟುಕೊಂಡೇ ಮಗನ ಕಥೆಯನ್ನು ಹೇಳಬೇಕೆಂದು ನನಗೆ ತೋರಿತು.

ಜಗದೀಶಚಂದ್ರರು ಹುಟ್ಟಿದ್ದು 1858ನೆಯ ಇಸವಿ ನವೆಂಬರ್ 30ರಂದು. ಮನೆತನದ ಊರು ಪೂರ್ವ ಬಂಗಾಳದ ವಿಕ್ರಮಪುರ ಸೀಮೆಯ ರಾಢೀಖಾಲ್. ಈಗ ಅದು ಬಾಂಗ್ಲಾದೇಶಕ್ಕೆ ಸೇರಿದೆ. ತಂದೆ ಭಗವಾನ್ ಚಂದ್ರ ಬೋಸರು ಮೊದಲು ಮೈಮನ್‌ಸಿಂಗಿನಲ್ಲಿ ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದು, ತರುವಾಯ ಸರ್ಕಾರದ ಡೆಪ್ಯುಟಿ ಮ್ಯಾಜಿಸ್ಟ್ರೇಟರಾಗಿ ಫರೀದ್‌ಪುರಕ್ಕೆ ಬಂದವರು. ಬ್ರಾಹ್ಮಸಮಾಜಕ್ಕೆ ಸೇರಿದವರು. ತಾಯಿ ವಾಮಸುಂದರೀ ದೇವಿಯವರು ಹಳೆಯ ಆಚಾರದಲ್ಲಿ ಬೆಳೆದ ಗೃಹಿಣಿ. ದೊಡ್ಡ ನದಿಗಳು, ಕಾಡು, ಹಾವು, ಹುಲಿ, ಕಳ್ಳಕಾಕರು ಎಲ್ಲವೂ ತುಂಬಿದ್ದ ಜಿಲ್ಲೆ ಅದು. ಬಾಲಕ ಜಗದೀಶನ ಮೊದಲ ಹತ್ತು ವರ್ಷಗಳು ಅಲ್ಲಿಯೇ ಕಳೆದವು.

ಆ ಕಾಲದಲ್ಲಿ ಅಧಿಕಾರಿಯಾದವನ ಮಗ ಇಂಗ್ಲಿಷ್ ಶಾಲೆಗೆ ಹೋಗುವುದು ವಾಡಿಕೆಯಾಗಿತ್ತು. ಫರೀದ್‌ಪುರದಲ್ಲಿ ಭಗವಾನ್ ಚಂದ್ರರ ಕೈಕೆಳಗಿನ ನೌಕರರು ಕೂಡ ತಮ್ಮ ಮಕ್ಕಳನ್ನು ಇಂಗ್ಲಿಷ್ ಶಾಲೆಗೇ ಸೇರಿಸಿದ್ದರು. ಸಾಹೇಬರು ಮಾತ್ರ ತಮ್ಮ ಮಗನನ್ನು ಬಂಗಾಳಿ ಪಾಠಶಾಲೆಗೆ ಕಳುಹಿಸಿದರು. ಮಗು ಮೊದಲು ತನ್ನ ಭಾಷೆಯನ್ನು ಕಲಿಯಬೇಕು, ತನ್ನ ಜನರನ್ನು ಅರಿಯಬೇಕು, ಇಂಗ್ಲಿಷ್ ಆಮೇಲೆ ಬರಲಿ ಎಂಬುದು ಅವರ ಮತ. ತರಗತಿಯಲ್ಲಿ ಜಗದೀಶನ ಬಲಗಡೆ ಕುಳಿತವನು ತಂದೆಯ ಕಚೇರಿಯ ಮುಸಲ್ಮಾನ ಜವಾನನ ಮಗ. ಎಡಗಡೆ ಕುಳಿತವನು ಒಬ್ಬ ಬೆಸ್ತರ ಹುಡುಗ. ಮೀನು, ಆಮೆ, ನೀರುಹಕ್ಕಿ, ನದಿಯ ತಳದಲ್ಲಿ ಬದುಕುವ ಪ್ರಾಣಿಗಳು ಇವುಗಳ ಕಥೆಗಳನ್ನೆಲ್ಲ ಅವನು ಆ ಗೆಳೆಯರ ಬಾಯಿಂದ ಕೇಳಿದನು. ಪ್ರಕೃತಿಯನ್ನು ಶೋಧಿಸುವ ಹಂಬಲ ಹುಟ್ಟಿದ್ದು ಆ ಕಥೆಗಳಿಂದಲೇ ಎಂದು ಮುಂದೆ ಪ್ರಸಿದ್ಧರಾದ ಮೇಲೆ ಅವರು ತಮ್ಮ ವಿಕ್ರಮಪುರದ ಜನರ ಸಭೆಯೊಂದರಲ್ಲಿ ಹೇಳಿಕೊಂಡರು.

ಶಾಲೆ ಬಿಟ್ಟು ಮೂವರೂ ಕೂಡಿ ಮನೆಗೆ ಬಂದರೆ, ತಾಯಿ ಮೂವರಿಗೂ ಒಂದೇ ಸಮನಾಗಿ ತಿಂಡಿ ಕೊಡುತ್ತಿದ್ದರಂತೆ. ತಂದೆಯ ಉದಾರ ಭಾವನೆಗೆ ಬ್ರಾಹ್ಮಸಮಾಜ ಕಾರಣವೆನ್ನೋಣ. ಮಡಿಮೈಲಿಗೆಯಲ್ಲಿ ಬೆಳೆದ ಆ ತಾಯಿಗೆ ಇದನ್ನು ಕಲಿಸಿದವರು ಯಾರು? ಜೀವನಚರಿತ್ರೆಗಳು ಈ ಮಾತನ್ನು ಒಂದು ಸಾಲಿನಲ್ಲಿ ಹೇಳಿ ಮುಂದಕ್ಕೆ ಹೋಗಿಬಿಡುತ್ತವೆ. 1860ರ ದಶಕದ ಹಳ್ಳಿಯೊಂದರಲ್ಲಿ ಬೆಸ್ತರ ಹುಡುಗನಿಗೂ ಮುಸಲ್ಮಾನರ ಹುಡುಗನಿಗೂ ತನ್ನ ಮಗನ ಪಕ್ಕದಲ್ಲೇ ಎಲೆ ಹಾಕುವುದು ಎಷ್ಟು ದೊಡ್ಡ ಕೆಲಸವೆಂಬುದು ಹಳ್ಳಿಯಿಂದ ಬಂದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಬಾಲಕನನ್ನು ಶಾಲೆಗೆ ಹೊತ್ತುಕೊಂಡು ಹೋಗುತ್ತಿದ್ದವನ ಕಥೆ ಇನ್ನೂ ವಿಚಿತ್ರವಾದದ್ದು. ಅವನು ಹಿಂದೆ ದರೋಡೆಕೋರ. ಅವನನ್ನು ಸೆರೆಮನೆಗೆ ಕಳುಹಿಸಿದ್ದವರು ಭಗವಾನ್ ಚಂದ್ರರೇ. ಶಿಕ್ಷೆ ಮುಗಿಸಿ ಹೊರಗೆ ಬಂದವನು ನೇರವಾಗಿ ಅವರ ಬಳಿಗೇ ಬಂದು, ಸೆರೆಯಿಂದ ಬಂದವನಿಗೆ ಕೆಲಸ ಕೊಡುವವರು ಯಾರೂ ಇಲ್ಲವೆಂದು ಮೊರೆಯಿಟ್ಟನು. ಅವರು ಅವನನ್ನು ಮಗನನ್ನು ನೋಡಿಕೊಳ್ಳುವ ಕೆಲಸಕ್ಕೇ ನೇಮಿಸಿದರು! ನಾಲ್ಕು ವರ್ಷದ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಅವನು ದಾರಿಯುದ್ದಕ್ಕೂ ತನ್ನ ಹಳೆಯ ದರೋಡೆಗಳ, ಹೊಡೆದಾಟಗಳ ಕಥೆಯನ್ನು ಹೇಳುತ್ತಿದ್ದನು. ಮೈಮೇಲಿನ ಗಾಯದ ಕಲೆಗಳನ್ನು ತೋರಿಸುತ್ತಿದ್ದನು. ಒಮ್ಮೆ ಇವರ ಸಂಸಾರ ದೋಣಿಯಲ್ಲಿ ಊರಿಗೆ ಹೋಗುತ್ತಿದ್ದಾಗ ಕಳ್ಳರ ದೋಣಿಗಳು ಬೆನ್ನಟ್ಟಿದವು. ಆಗ ಇವನು ದೋಣಿಯ ಮೇಲ್ಛಾವಣಿಯನ್ನೇರಿ ನಿಂತು ತನ್ನ ಹಳೆಯ ವೃತ್ತಿಯ ಕೂಗೊಂದನ್ನು ದೀರ್ಘವಾಗಿ ಹಾಕಿದನಂತೆ. ಬೆನ್ನಟ್ಟಿದ ದೋಣಿಗಳು ಮರುಕ್ಷಣದಲ್ಲಿ ಮಾಯವಾದವು. ಎಲ್ಲ ದರೋಡೆಕೋರರೂ ಇವನಂತೆ ಇರಲಿಲ್ಲವೆಂಬುದನ್ನೂ ಹೇಳಬೇಕು. ಶಿಕ್ಷೆಗೊಳಗಾದ ಬೇರೊಂದು ತಂಡದವರು ಹಗೆ ತೀರಿಸಿಕೊಳ್ಳಲು ಇವರ ಮನೆಗೆ ಬೆಂಕಿಯಿಟ್ಟರು. ಮನೆಮಂದಿ ಪ್ರಾಣ ಉಳಿಸಿಕೊಂಡರು, ಮನೆ ಸುಟ್ಟುಹೋಯಿತು.

ಭಗವಾನ್ ಚಂದ್ರರ ದಿನವೆಲ್ಲ ಕಚೇರಿ, ಪಂಚಾಯಿತಿ, ಕಳ್ಳರನ್ನು ಹಿಡಿಯುವ ತಿರುಗಾಟ ಇವುಗಳಲ್ಲಿ ಕಳೆಯುತ್ತಿತ್ತು. ಆದರೆ ರಾತ್ರಿ ಊಟವಾದ ಮೇಲೆ, ಎಷ್ಟೇ ದಣಿದಿದ್ದರೂ, ಮಗನನ್ನು ಹತ್ತಿರ ಮಲಗಿಸಿಕೊಂಡು ಅವನ ಪ್ರಶ್ನೆಗಳನ್ನು ಕೇಳುತ್ತಿದ್ದರು. ಆ ಹೊತ್ತು ಮಗನಿಗೇ ಮೀಸಲು. ಅಂದು ಅವನು ಏನು ಕಂಡನು, ಅದು ಹಾಗೇಕೆ, ಇದು ಹೀಗೇಕೆ ಎಂದು ಒಂದಾದ ಮೇಲೊಂದು. ತಿಳಿದದ್ದಕ್ಕೆ ಉತ್ತರ ಹೇಳುವರು. ತಿಳಿಯದಿದ್ದರೆ ತಮಗೆ ತಿಳಿಯದೆಂದು ಸ್ಪಷ್ಟವಾಗಿ ಹೇಳುವರು. ಸೃಷ್ಟಿಯಲ್ಲಿ ಯಾರಿಗೂ ಇನ್ನೂ ತಿಳಿಯದೆ ಉಳಿದಿರುವುದು ಬಹಳವಿದೆ ಎನ್ನುವರು. ನನ್ನ ಮಟ್ಟಿಗೆ ಜಗದೀಶಚಂದ್ರರ ವಿಜ್ಞಾನ ಶಿಕ್ಷಣ ಆರಂಭವಾದದ್ದು ಕೇಂಬ್ರಿಡ್ಜಿನಲ್ಲೂ ಅಲ್ಲ, ಕಲ್ಕತ್ತೆಯಲ್ಲೂ ಅಲ್ಲ. ಈ ಹಾಸಿಗೆಯ ಮೇಲೆ. ಹುಡುಗನ ಪ್ರಶ್ನೆಗೆ ಗದರಿ ಮಲಗಿಸುವುದು ಸುಲಭ. ಸುಳ್ಳು ಉತ್ತರ ಹೇಳಿ ಮಲಗಿಸುವುದು ಇನ್ನೂ ಸುಲಭ. ಹಗಲೆಲ್ಲ ನ್ಯಾಯಪೀಠದಲ್ಲಿ ಕುಳಿತು ತೀರ್ಪು ಹೇಳುವ ಅಧಿಕಾರಿ, ರಾತ್ರಿ ಐದಾರು ವರ್ಷದ ಮಗನ ಮುಂದೆ ತನಗೆ ತಿಳಿಯದೆಂದು ಒಪ್ಪಿಕೊಳ್ಳುವುದು ಸಾಮಾನ್ಯವಲ್ಲ.

ಹುಡುಗನ ಕೈಕೆಲಸಕ್ಕೂ ಅಡ್ಡಿಯಿರಲಿಲ್ಲ. ತೋಟದಲ್ಲಿ ಕಾಲುವೆ ತೋಡಿ ಅದರ ಮೇಲೆ ಸೇತುವೆ ಕಟ್ಟಿದನು. ಐದನೆಯ ವಯಸ್ಸಿಗೆ ಒಂದು ತಟ್ಟು ಕುದುರೆ ಸಿಕ್ಕಿತು. ಊರಿನ ಕುದುರೆ ಪಂದ್ಯವನ್ನು ನೋಡಲು ಹೋದಾಗ ಯಾರೋ ತಮಾಷೆಗೆ ನೀನೂ ಓಡಿಸು ಎಂದರೆ, ಇವನು ನಿಜವಾಗಿಯೇ ಓಡಿಸಿಕೊಂಡು ಸುತ್ತು ಮುಗಿಸಿ ಬಂದನು. ಕಾಲುಗಳು ಉಜ್ಜಿ ರಕ್ತ ಸುರಿಯುತ್ತಿದ್ದುದು ಮನೆಗೆ ಬಂದ ಮೇಲೆ ಗೊತ್ತಾಯಿತು.

ಇನ್ನೊಂದು ಸಂಗತಿಯನ್ನು ಕನ್ನಡಿಗರಾದ ನಾವು ವಿಶೇಷವಾಗಿ ಗಮನಿಸಬೇಕು. ಭಗವಾನ್ ಚಂದ್ರರು ಫರೀದ್‌ಪುರದಲ್ಲಿ ಕೃಷಿ ಕೈಗಾರಿಕೆಗಳ ಒಂದು ಜಾತ್ರೆಯನ್ನು ಏರ್ಪಡಿಸಿದ್ದರು. ಅಲ್ಲಿ ನಮ್ಮ ಬಯಲಾಟದಂಥ ನಾಟಕಗಳೂ ನಡೆಯುತ್ತಿದ್ದವು. ಮಹಾಭಾರತದ ಕಥೆಯನ್ನು ಆಡಿದಾಗ ಬಾಲಕನ ಮನಸ್ಸು ನೆಟ್ಟದ್ದು ಅರ್ಜುನನ ಮೇಲಲ್ಲ, ಕೃಷ್ಣನ ಮೇಲಲ್ಲ, ಕರ್ಣನ ಮೇಲೆ. ಜೀವಮಾನವೆಲ್ಲ ಕರ್ಣನೇ ಅವರ ವೀರನಾಗಿ ಉಳಿದನು. ಪಂಪನ ಕರ್ಣನಿಗಾಗಿ ಮರುಗಿದ ನಮಗೆ ಇದು ಆಶ್ಚರ್ಯವಲ್ಲ. ಆದರೆ ಜಗದೀಶಚಂದ್ರರು ಅದಕ್ಕೆ ಕೊಟ್ಟ ಕಾರಣ ಬೇರೆ. ಎಲ್ಲ ಕಡೆಯಿಂದಲೂ ವಿಧಿ ಎದುರಾಗಿ ನಿಂತರೂ ಕೊನೆಯವರೆಗೆ ಹೋರಾಡಿ ಸೋತವನು ಕರ್ಣ. ಜನರ ಏಳಿಗೆಗಾಗಿ ಹೆಣಗಿ ಮತ್ತೆ ಮತ್ತೆ ಸೋತ ತಮ್ಮ ತಂದೆಯ ಮುಖವನ್ನು ಅವರು ಆ ಕರ್ಣನಲ್ಲಿ ಕಂಡರು.

ಆ ಸೋಲುಗಳ ವಿಚಾರವನ್ನು ಇಲ್ಲಿಯೇ ಹೇಳಬೇಕು. 1869ರ ಸುಮಾರಿಗೆ ಭಗವಾನ್ ಚಂದ್ರರಿಗೆ ಬರ್ದ್ವಾನಕ್ಕೆ ಬಡತಿ ಸಹಿತ ವರ್ಗವಾಯಿತು. ಅಲ್ಲಿ ಭಯಂಕರವಾದ ಜ್ವರದ ಮಾರಿ ಹಬ್ಬಿ, ಊರೂರುಗಳೇ ಬರಿದಾಗಿ, ಅನಾಥ ಮಕ್ಕಳು ಬೀದಿಪಾಲಾದರು. ಅವರಿಗೆ ಬರಿಯ ಅನ್ನ ಹಾಕಿದರೆ ಸಾಲದು, ಕೈಗೊಂದು ಕಸುಬು ಬೇಕು ಎಂದು ಇವರು ತಮ್ಮ ಬಂಗಲೆಯ ಆವರಣದಲ್ಲೇ ಬಡಗಿಯ ಕೆಲಸ, ಕಬ್ಬಿಣದ ಕೆಲಸ, ಎರಕದ ಕೆಲಸ ಇವುಗಳಿಗೆ ಕಾರ್ಖಾನೆ ತೆರೆದರು. ರಜೆಗೆ ಬಂದ ಜಗದೀಶನಿಗೆ ಇದು ಸ್ವರ್ಗವೇ ಆಯಿತು. ಅಲ್ಲಿನ ಕೆಲಸಗಾರರನ್ನು ಕಾಡಿ ಬೇಡಿ ಹಿತ್ತಾಳೆಯ ಒಂದು ಸಣ್ಣ ಫಿರಂಗಿಯನ್ನು ಎರಕ ಹೊಯ್ಯಿಸಿಕೊಂಡನು. ಆ ಕಾರ್ಖಾನೆಗೆ ಹೋದ ಹಣ ಮರಳಿ ಬರುವಂಥದಾಗಿರಲಿಲ್ಲ. ಫರೀದ್‌ಪುರದಲ್ಲಿ ಜನಸಾಮಾನ್ಯರಿಗಾಗಿ ಒಂದು ಬ್ಯಾಂಕು ಕಟ್ಟಿದರು. ಅದು ಮುಂದೆ ಚೆನ್ನಾಗಿ ಬೆಳೆಯಿತು, ಆದರೆ ಅಷ್ಟರಲ್ಲಿ ತಮ್ಮ ಪಾಲಿನ ಷೇರುಗಳನ್ನು ಬಡ ಸ್ನೇಹಿತರಿಗೆ ಕೊಟ್ಟುಬಿಟ್ಟಿದ್ದರು. ಚಹಾ ತೋಟಕ್ಕೆ ಕೈಹಾಕಿದರು. ಅದರ ಫಲ ಕಾಣುವುದಕ್ಕೆ ಮುಂಚೆ ಸಾಲ ಬೆಳೆಯಿತು. ನೇಯ್ಗೆಯ ಉದ್ಯಮವೊಂದಕ್ಕೆ ಹಣ ತೊಡಗಿಸಿದರು, ನಂಬಿದವರೇ ಮೋಸಮಾಡಿದರು. ಎಲ್ಲಕ್ಕೂ ಜಾಮೀನು ನಿಂತವರು ಇವರೇ. ಅತಿಯಾದ ದುಡಿಮೆಯಿಂದ ಆರೋಗ್ಯವೂ ಕೆಟ್ಟಿತು. ದೀರ್ಘ ರಜೆ ಹಾಕಬೇಕಾಯಿತು, ಸಂಬಳ ಇಳಿಯಿತು, ಬಡ್ಡಿ ಏರಿತು.

ಅರ್ಥಶಾಸ್ತ್ರ ಓದುವ ನನಗೆ ಈ ಲೆಕ್ಕವನ್ನು ಹೊಗಳಲು ಸಾಧ್ಯವಿಲ್ಲ. ಹೆಂಡತಿ ಮಕ್ಕಳಿರುವ ಮನುಷ್ಯ ಊರಿನವರ ಏಳಿಗೆಗಾಗಿ ಇಷ್ಟು ಸಾಲ ಮಾಡಬಾರದಾಗಿತ್ತು ಎಂದೇ ನನ್ನ ಅಭಿಪ್ರಾಯ. ಇದರ ಭಾರವನ್ನು ಹೊತ್ತವರು ಮನೆಯ ಹೆಂಗಸೂ ಮಗನೂ. ಆದರೂ ಆ ಹಣದಲ್ಲಿ ಒಂದು ಬಿಡಿಗಾಸೂ ಆಡಂಬರಕ್ಕೆ ಹೋಗಲಿಲ್ಲವೆಂಬುದನ್ನು ಮರೆಯುವಂತಿಲ್ಲ.

ಈ ಮಧ್ಯೆ ಜಗದೀಶನು ಕಲ್ಕತ್ತೆಗೆ ಬಂದು, ಹೇರ್ ಶಾಲೆಯಲ್ಲಿ ಸ್ವಲ್ಪ ಕಾಲವಿದ್ದು, ಸೇಂಟ್ ಝೇವಿಯರ್ಸ್ ಶಾಲೆಗೆ ಸೇರಿದನು. ಬಂಗಾಳಿಯಲ್ಲಿ ಓದಿ ಬಂದ ಹಳ್ಳಿಯ ಹುಡುಗನಿಗೆ ಅಲ್ಲಿನ ಇಂಗ್ಲಿಷ್ ಹುಡುಗರ ನಡುವೆ ಮೊದಲು ಬಹಳ ಕಷ್ಟವಾಯಿತು. ಮುಷ್ಟಿಯುದ್ಧ ಬಲ್ಲ ಹುಡುಗನೊಬ್ಬನು ಇವನನ್ನು ಕೆಣಕಿ ಚೆನ್ನಾಗಿ ಹೊಡೆದನು. ಇವನಿಗೆ ಆ ವಿದ್ಯೆ ಗೊತ್ತಿರಲಿಲ್ಲ. ಆದರೂ ಬಿಡದೆ ತಿರುಗಿ ಬಿದ್ದು ಗೆದ್ದನು. ಆಮೇಲೆ ಯಾರೂ ತಂಟೆಗೆ ಬರಲಿಲ್ಲ. ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಫಾದರ್ ಲಫೋಂ ಎಂಬ ಪಾದ್ರಿಗಳು ಭೌತಶಾಸ್ತ್ರವನ್ನು ಪ್ರಯೋಗಗಳೊಡನೆ ಕಲಿಸುತ್ತಿದ್ದರು. ಫರೀದ್‌ಪುರದ ರಾತ್ರಿಗಳಲ್ಲಿ ಕಿವಿಯಿಂದ ಕೇಳಿದ್ದನ್ನು ಈಗ ಕಣ್ಣಿನಿಂದ ನೋಡಿದಂತಾಯಿತು. 1879ರಲ್ಲಿ ಜಗದೀಶಚಂದ್ರರು ಬಿ.ಎ. ಪದವಿ ಪಡೆದರು.

ಮುಂದೇನು? ಮನೆಯಲ್ಲಿ ಸಾಲ. ತಂದೆಗೆ ಕಾಯಿಲೆ. ಮಗ ಮಾಡಿದ ಯೋಚನೆ ಯಾವ ಮಗನಾದರೂ ಮಾಡುವಂಥದು: ಇಂಗ್ಲೆಂಡಿಗೆ ಹೋಗಿ ಐ.ಸಿ.ಎಸ್. ಪರೀಕ್ಷೆ ಕಟ್ಟುವುದು, ದೊಡ್ಡ ಸಂಬಳದ ಅಧಿಕಾರಿಯಾಗಿ ಬಂದು ಸಾಲ ತೀರಿಸುವುದು. ಅದಕ್ಕಿಂತ ದೊಡ್ಡ ಹುದ್ದೆ ಭಾರತೀಯನಿಗೆ ಆಗ ಇರಲಿಲ್ಲ. ತಂದೆ ಬೇಡವೆಂದರು. ಜೀವಮಾನವೆಲ್ಲ ಸರ್ಕಾರದ ಅಧಿಕಾರಿಯಾಗಿದ್ದವರೇ ಮಗ ಅಧಿಕಾರಿಯಾಗುವುದು ಬೇಡವೆಂದರು. ಅವನು ಇತರರನ್ನು ಆಳುವವನಾಗದೆ ತನ್ನನ್ನು ತಾನು ಆಳಿಕೊಳ್ಳುವ ವಿದ್ವಾಂಸನಾಗಬೇಕು ಎಂಬುದು ಅವರ ಇಚ್ಛೆಯಾಗಿತ್ತು.

ಇಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲು. ಊರಿಗೆ ಹೋದಾಗಲೆಲ್ಲ ಕೇಳಬರುವ ಪ್ರಶ್ನೆ ಒಂದೇ: ಮುಂದೆ ಯಾವ ಪರೀಕ್ಷೆ ಕಟ್ಟುತ್ತೀಯೆ, ಯಾವ ಕೆಲಸ ಸಿಗುತ್ತದೆ? ನನ್ನ ಜೊತೆಯವರಲ್ಲಿ ಬಹುಮಂದಿಯ ಅನುಭವವೂ ಇದೇ ಇರಬೇಕು. ಕೇಳುವವರದು ತಪ್ಪೆಂದು ನಾನು ಹೇಳಲಾರೆ. ಸಾಲವಿರುವ ಮನೆಯಲ್ಲಿ ಸಂಬಳ ಬರುವ ಕೆಲಸ ಬೇಡವೆನ್ನುವ ತಂದೆಯನ್ನು ನಮ್ಮೂರಿನ ಜಗಲಿಯ ಮೇಲೆ ಕುಳಿತವರು ಹುಚ್ಚನೆಂದೇ ಕರೆದಾರು. ಭಗವಾನ್ ಚಂದ್ರರಿಗೂ ಈ ಮಾತು ಹೊಳೆಯದೆ ಇದ್ದಿರಲಾರದು. ಅವರಿಗೆ ಮಗನ ಸಂಬಳ ನಿಜವಾಗಿಯೂ ಬೇಕಾಗಿತ್ತು. ಬೇಕಾಗಿದ್ದರೂ ಬೇಡವೆಂದರು ಎಂಬುದರಲ್ಲಿಯೇ ಆ ಮಗನ ವಿಷಯದಲ್ಲಿ ಅವರಿಗಿದ್ದ ಅಭಿಮಾನವೆಷ್ಟೆಂಬುದು ತಿಳಿಯುತ್ತದೆ. ಆಗಿನ್ನೂ ಜಗದೀಶಚಂದ್ರರು ಹೆಸರು ಮಾಡಿರಲಿಲ್ಲ. ಪದವಿ ಪಡೆದ ಸಾವಿರಾರು ಹುಡುಗರಲ್ಲಿ ಒಬ್ಬರು, ಅಷ್ಟೇ.

ಕೊನೆಗೆ ಇಂಗ್ಲೆಂಡಿಗೆ ಹೋಗಿ ವೈದ್ಯಶಾಸ್ತ್ರ ಓದುವುದೆಂದು ತೀರ್ಮಾನವಾಯಿತು. ಈಗ ತಾಯಿ ಒಪ್ಪಲಿಲ್ಲ. ಅವರ ಇನ್ನೊಬ್ಬ ಮಗ ಹತ್ತನೆಯ ವಯಸ್ಸಿನಲ್ಲೇ ತೀರಿಕೊಂಡಿದ್ದನು. ಉಳಿದ ಒಬ್ಬ ಮಗನನ್ನು ಸಮುದ್ರದಾಚೆಗೆ ಕಳುಹಿಸಲು ಯಾವ ತಾಯಿಗೆ ಮನಸ್ಸು ಬಂದೀತು? ಜಗದೀಶಚಂದ್ರರು ಆಸೆಯನ್ನೇ ಬಿಟ್ಟುಬಿಟ್ಟರು. ಹೀಗೆ ಕೆಲವು ದಿನಗಳು ಕಳೆದ ಮೇಲೆ ಒಂದು ರಾತ್ರಿ ತಾಯಿಯೇ ಮಗನ ಬಳಿಗೆ ಬಂದು, ವಿಲಾಯಿತಿಯ ವಿದ್ಯೆ ಎಂಥದೆಂದು ತನಗೆ ಅರ್ಥವಾಗದು, ಆದರೆ ಅವನ ಮನಸ್ಸು ಅದರಲ್ಲಿರುವುದು ಅರ್ಥವಾಗುತ್ತದೆ, ಹೋಗಲಿ ಎಂದರು. ತಂದೆಯ ಹಣ ಸಾಲದಿದ್ದರೆ ತನ್ನ ಒಡವೆಗಳನ್ನು ಮಾರಬಹುದೆಂದರು. ತಂದೆಗೆ ಮಗನ ವಿದ್ಯೆ ಏನೆಂಬುದು ಗೊತ್ತಿತ್ತು. ತಾಯಿಗೆ ಅದು ಗೊತ್ತಿರಲಿಲ್ಲ. ಇಬ್ಬರಲ್ಲಿ ಯಾರ ತ್ಯಾಗ ಹೆಚ್ಚಿನದೆಂದು ಕೇಳಿದರೆ ನಾನು ತಾಯಿಯದೆಂದೇ ಹೇಳುವೆನು.

1880ರಲ್ಲಿ ಲಂಡನ್ನಿಗೆ ಹೋಗಿ ವೈದ್ಯಶಾಸ್ತ್ರಕ್ಕೆ ಸೇರಿದರು. ಅಸ್ಸಾಮಿನಲ್ಲಿ ತಗಲಿದ್ದ ಜ್ವರ ಅಲ್ಲಿ ಮತ್ತೆ ಮತ್ತೆ ಮರುಕಳಿಸಿತು. ಶವಚ್ಛೇದನದ ಕೋಣೆಯ ನಾತಕ್ಕೆ ಅದು ಇನ್ನೂ ಹೆಚ್ಚಿತು. ವೈದ್ಯ ವಿದ್ಯೆಯನ್ನು ಬಿಡಬೇಕಾಯಿತು. 1882ರಲ್ಲಿ ಕೇಂಬ್ರಿಡ್ಜಿನ ಕ್ರೈಸ್ಟ್ಸ್ ಕಾಲೇಜಿಗೆ ಸೇರಿ ನಿಸರ್ಗ ವಿಜ್ಞಾನವನ್ನು ಓದಿದರು. ಭೌತಶಾಸ್ತ್ರದಲ್ಲಿ ಲಾರ್ಡ್ ರೇಲಿ, ಸಸ್ಯಶಾಸ್ತ್ರದಲ್ಲಿ ಫ್ರಾನ್ಸಿಸ್ ಡಾರ್ವಿನ್ ಇವರ ಗುರುಗಳಾಗಿದ್ದರು. 1884ರಲ್ಲಿ ಪದವಿ ದೊರೆಯಿತು. ಮರುವರ್ಷ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾದರು.

ಆಗ ಆ ಇಲಾಖೆಯಲ್ಲಿ ಒಂದು ನಿಯಮವಿತ್ತು. ಯೂರೋಪಿನವರಿಗೆ ಸಿಗುವ ಸಂಬಳದ ಮೂರರಲ್ಲಿ ಎರಡು ಪಾಲು ಮಾತ್ರ ಭಾರತೀಯನಿಗೆ. ಇವರ ನೇಮಕ ಹಂಗಾಮಿಯಾದ್ದರಿಂದ ಅದರಲ್ಲಿಯೂ ಅರ್ಧ. ಅಂದರೆ ಒಟ್ಟು ಮೂರರಲ್ಲಿ ಒಂದು ಪಾಲು. ಭಾರತೀಯರಿಗೆ ನಿಖರವಾದ ವಿಜ್ಞಾನವನ್ನು ಕಲಿಸುವ ಶಕ್ತಿಯಿಲ್ಲವೆಂಬ ಭಾವನೆ ಇದರ ಹಿಂದಿತ್ತು. ಜಗದೀಶಚಂದ್ರರು ಕೆಲಸ ಬಿಡಲಿಲ್ಲ; ಸಂಬಳ ಮುಟ್ಟಲಿಲ್ಲ. ತಿಂಗಳು ತಿಂಗಳೂ ಬಂದ ಸಂಬಳವನ್ನು ಹಿಂದಿರುಗಿಸುತ್ತ ಮೂರು ವರ್ಷ ಪಾಠ ಹೇಳಿದರು.

ಮನೆಯಲ್ಲಿ ಸಾಲವಿದ್ದ ಕಾಲದಲ್ಲೇ ಇದು ನಡೆಯಿತೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ರಾಢೀಖಾಲಿನ ಪಿತ್ರಾರ್ಜಿತ ಭೂಮಿಯನ್ನು ಮಾರಿ ಒಂದಷ್ಟು ತೀರಿಸಿದರು. ತಾಯಿಯ ಸ್ವಂತ ಆಸ್ತಿ ಮಾರಿ ಇನ್ನಷ್ಟು ತೀರಿಸಿದರು. ಅಷ್ಟಕ್ಕೇ ತೃಪ್ತರಾಗಲು ಸಾಲ ಕೊಟ್ಟವರು ಸಿದ್ಧರಿದ್ದರು. ಜಗದೀಶಚಂದ್ರರು ಒಪ್ಪದೆ ಉಳಿದದ್ದನ್ನು ತಾವು ದುಡಿದು ಕೊಡುವುದಾಗಿ ಹೇಳಿದರು. 1887ರಲ್ಲಿ ಅಬಲಾ ದಾಸರೊಡನೆ ವಿವಾಹವಾಯಿತು. ಬಂಗಾಳದಲ್ಲಿ ಹೆಂಗಸರಿಗೆ ವೈದ್ಯ ಕಾಲೇಜು ಬಾಗಿಲು ತೆರೆಯದಿದ್ದಾಗ ಮದರಾಸಿಗೆ ಬಂದು ವೈದ್ಯಶಾಸ್ತ್ರ ಓದಿದ ಸಾಹಸಿ ಆಕೆ. ಕಲ್ಕತ್ತೆಯಲ್ಲಿ ಬಾಡಿಗೆ ಕೊಡುವ ಶಕ್ತಿಯಿಲ್ಲದೆ ದಂಪತಿಗಳು ಹೂಗ್ಲಿ ನದಿಯ ಮೇಲಿನ ಚಂದ್ರನಗರದಲ್ಲಿ ಸಂಸಾರ ಹೂಡಿದರು. ಕಾಲೇಜಿಗೆ ಬರುವಾಗ ಪತಿಯನ್ನು ಆಕೆಯೇ ಸಣ್ಣ ದೋಣಿಯಲ್ಲಿ ನದಿ ದಾಟಿಸಿ, ದೋಣಿಯನ್ನು ತಿರುಗಿ ಒಯ್ಯುತ್ತಿದ್ದರಂತೆ. ಮೂರು ವರ್ಷಗಳ ಕೊನೆಗೆ ಇಲಾಖೆಯವರು ಮಣಿದರು. ಹಿಂದಿನ ತಾರೀಖಿನಿಂದಲೇ ಪೂರ್ಣ ಸಂಬಳ ಮಂಜೂರಾಯಿತು. ಆ ಗಂಟು ಹಾಗೆ ಹಾಗೇ ತಂದೆಯ ಸಾಲಕ್ಕೆ ಹೋಯಿತು.

ಸಂಬಳವನ್ನು ನಿರಾಕರಿಸಿದ ಆ ಮೂರು ವರ್ಷ ತಂದೆಯಿಂದ ಒಂದು ಗೊಣಗಾಟವೂ ಬಂದಂತೆ ಕಾಣುವುದಿಲ್ಲ. ಐ.ಸಿ.ಎಸ್. ಬೇಡವೆಂದ ತಂದೆ ಇದನ್ನು ಬೇಡವೆಂದಾರೆ? ಸಾಲ ತೀರಿದ್ದನ್ನು ಕಂಡು ಭಗವಾನ್ ಚಂದ್ರರು 1892ರಲ್ಲಿ ತೀರಿಕೊಂಡರು. ಎರಡು ವರ್ಷದ ತರುವಾಯ ತಾಯಿಯೂ ಹೋದರು.

ಆ ವೇಳೆಗೆ ಜಗದೀಶಚಂದ್ರರು ಏನು ಸಾಧಿಸಿದ್ದರು? ಒಳ್ಳೆಯ ಮೇಷ್ಟ್ರು ಎಂಬ ಹೆಸರು, ಅಷ್ಟೆ. 1894ರ ನವೆಂಬರ್ 30ರಂದು, ಮೂವತ್ತಾರು ವರ್ಷ ತುಂಬಿದ ಹುಟ್ಟುಹಬ್ಬದ ದಿನ, ಇನ್ನು ಮುಂದೆ ಸಂಶೋಧನೆಗೇ ಬಾಳನ್ನು ಮುಡಿಪಿಡುವುದಾಗಿ ಸಂಕಲ್ಪಿಸಿದರು. ಪ್ರಪಂಚ ಬಲ್ಲ ಜಗದೀಶಚಂದ್ರ ಬೋಸರು ಅಲ್ಲಿಂದ ಮುಂದೆ ಆರಂಭವಾಗುತ್ತಾರೆ; ತಂದೆತಾಯಿಗಳ ಪಾಲಿಗೆ ಬಂದದ್ದು ಅದಕ್ಕೆ ಹಿಂದಿನದು ಮಾತ್ರ.

ಕಾಲೇಜಿನಲ್ಲಿ ಪ್ರಯೋಗಶಾಲೆಯೆಂಬುದು ಇರಲಿಲ್ಲ. ಸ್ನಾನದ ಕೋಣೆಗೆ ಹೊಂದಿಕೊಂಡಿದ್ದ ಒಂದು ಕಿರುಕೋಣೆಯೇ ಪ್ರಯೋಗಶಾಲೆಯಾಯಿತು. ತಗಡಿನ ಕೆಲಸದವನೊಬ್ಬನಿಗೆ ಹೇಳಿಕೊಟ್ಟು ಉಪಕರಣಗಳನ್ನು ಮಾಡಿಸಿದರು. ಬರ್ದ್ವಾನದ ಕಾರ್ಖಾನೆಯಲ್ಲಿ ಕುಶಲಕರ್ಮಿಗಳ ಬೆನ್ನು ಹತ್ತಿ ಫಿರಂಗಿ ಮಾಡಿಸಿದ ಹುಡುಗನಿಗೆ ಇದು ಹೊಸದಲ್ಲ. ಜರ್ಮನಿಯ ಹರ್ಟ್ಸ್ ಕಂಡುಹಿಡಿದಿದ್ದ ವಿದ್ಯುತ್ ತರಂಗಗಳು ಬಹಳ ಉದ್ದವಾಗಿದ್ದವು. ಬೋಸರು ಕೇವಲ 5 ಮಿಲಿಮೀಟರಿನವರೆಗಿನ ಕಿರಿಯ ತರಂಗಗಳನ್ನು ಹುಟ್ಟಿಸಿ, ಅವು ಬೆಳಕಿನಂತೆಯೇ ಪ್ರತಿಫಲಿಸುತ್ತವೆ, ಬಾಗುತ್ತವೆ ಎಂದು ತೋರಿಸಿದರು. ಈ ಪ್ರಯೋಗಗಳಿಗೆ ತಿರುಚಿದ ಸೆಣಬನ್ನೂ, ಹಾಳೆಗಳ ನಡುವೆ ತವರದ ತಗಡು ಸೇರಿಸಿದ ರೈಲ್ವೆ ವೇಳಾಪಟ್ಟಿಯ ಪುಸ್ತಕವನ್ನೂ ಬಳಸಿದರು! 1895ರಲ್ಲಿ ಕಲ್ಕತ್ತೆಯ ಟೌನ್ ಹಾಲಿನಲ್ಲಿ ಈ ಕಾಣದ ಅಲೆಗಳನ್ನು ಗೋಡೆಗಳ ಮೂಲಕವೂ, ಸಭೆಗೆ ಬಂದಿದ್ದ ಲೆಫ್ಟಿನೆಂಟ್ ಗವರ್ನರರ ಮೈಯ ಮೂಲಕವೂ ಹಾಯಿಸಿ, ಸುಮಾರು 75 ಅಡಿ ದೂರದಲ್ಲಿ ಗಂಟೆ ಬಾರಿಸಿದರು, ಮದ್ದು ಸಿಡಿಸಿದರು. 1896ರಲ್ಲಿ ಲಂಡನ್ ವಿಶ್ವವಿದ್ಯಾನಿಲಯ ಡಾಕ್ಟರ್ ಪದವಿ ಕೊಟ್ಟಿತು. 1897ರ ಜನವರಿಯಲ್ಲಿ ಫ್ಯಾರಡೆ ನಿಂತು ಉಪನ್ಯಾಸ ಮಾಡಿದ್ದ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಬೋಸರು ಉಪನ್ಯಾಸ ಮಾಡಿದರು. ಇಂದಿನ ದೂರಸಂಪರ್ಕದಲ್ಲಿ ಬಳಕೆಗೆ ಬಂದಿರುವ ಮಿಲಿಮೀಟರ್ ತರಂಗಗಳ ಮೂಲ ಅಲ್ಲಿದೆ. ಐ.ಇ.ಇ.ಇ. ಎಂಬ ಅಂತರರಾಷ್ಟ್ರೀಯ ಇಂಜಿನಿಯರುಗಳ ಸಂಸ್ಥೆ 2012ರಲ್ಲಿ ಆ ಪ್ರಯೋಗಗಳನ್ನು ಒಂದು ಮೈಲಿಗಲ್ಲೆಂದು ಗೌರವಿಸಿತು.

ಹಣದ ವಿಷಯದಲ್ಲಿ ಮಗ ತಂದೆಯನ್ನೇ ಹೋಲುತ್ತಿದ್ದರು. ಸಂಶೋಧನೆಯಿಂದ ಲಾಭ ಮಾಡಿಕೊಳ್ಳುವುದು ಅವರಿಗೆ ಒಗ್ಗದು. ಹಿತೈಷಿಗಳ ಒತ್ತಾಯಕ್ಕೆ 1901ರಲ್ಲಿ ಅಮೆರಿಕೆಯಲ್ಲಿ ಒಂದು ಪೇಟೆಂಟಿಗೆ ಅರ್ಜಿ ಹೋಗಿ 1904ರಲ್ಲಿ ಮಂಜೂರಾಯಿತು. ಅದರಿಂದ ಹಣ ಮಾಡಲು ಅವರು ಕೈಹಾಕಲೇ ಇಲ್ಲ.

ಆಮೇಲಿನ ಕಾಲವೆಲ್ಲ ಸಸ್ಯಗಳದು. ಗಿಡದ ಬೆಳವಣಿಗೆಯನ್ನು 10,000 ಪಟ್ಟು ಹಿಗ್ಗಿಸಿ ತೋರಿಸುವ ಕ್ರೆಸ್ಕೋಗ್ರಾಫ್ ಎಂಬ ಯಂತ್ರವನ್ನು ನಿರ್ಮಿಸಿದರು. ಇಂಗ್ಲೆಂಡಿನ ಶರೀರಶಾಸ್ತ್ರಜ್ಞರಲ್ಲಿ ಕೆಲವರು ಬಲವಾಗಿ ವಿರೋಧಿಸಿದರು. ಪ್ರಬಂಧಗಳು ಅಚ್ಚಾಗದೆ ಕುಳಿತವು. ಜಡಕ್ಕೂ ಜೀವಕ್ಕೂ ಭೇದವಿಲ್ಲವೆಂಬಷ್ಟು ದೂರ ಅವರು ಎಳೆದ ತೀರ್ಮಾನಗಳನ್ನು ಇಂದಿನ ವಿಜ್ಞಾನಿಗಳು ಎಲ್ಲವನ್ನೂ ಒಪ್ಪುವುದಿಲ್ಲ. ಆದರೆ ಸಸ್ಯಗಳಲ್ಲಿ ವಿದ್ಯುತ್ ಸಂಕೇತಗಳು ಹರಿಯುತ್ತವೆಂಬ ಅವರ ಮುಖ್ಯವಾದ ಮಾತು ನಿಂತಿದೆ. 1917ರಲ್ಲಿ ಸರ್ ಪದವಿ, 1920ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ಬಂದವು. ಅದೇ 1917ರ ನವೆಂಬರ್ 30ರಂದು ತಾವು ಕೂಡಿಟ್ಟ ಹಣವನ್ನೂ ಸಾರ್ವಜನಿಕರು ಕೊಟ್ಟದ್ದನ್ನೂ ಸೇರಿಸಿ ಕಲ್ಕತ್ತೆಯಲ್ಲಿ ಬೋಸ್ ಸಂಶೋಧನ ಮಂದಿರವನ್ನು ತೆರೆದರು. ಅಲ್ಲಿನ ಅತಿ ಸೂಕ್ಷ್ಮವಾದ ಯಂತ್ರಗಳನ್ನು ತಯಾರಿಸಿದವರು ನಮ್ಮ ದೇಶದ ಕುಶಲಕರ್ಮಿಗಳೇ. ಬೋಸ್ ದಂಪತಿಗಳಿಗೆ ಹುಟ್ಟಿದ ಒಂದು ಮಗು ಉಳಿಯಲಿಲ್ಲ. ಜಗದೀಶಚಂದ್ರರು 1937ರ ನವೆಂಬರ್ 23ರಂದು ಗಿರಿಡಿಯಲ್ಲಿ ದಿವಂಗತರಾದರು.

ಈ ಮಧ್ಯೆ ನಡೆದ ಒಂದು ಸಂಗತಿ ಬಾಕಿಯಿದೆ. ಭಗವಾನ್ ಚಂದ್ರರು ಫರೀದ್‌ಪುರದಲ್ಲಿ ಆರಂಭಿಸಿದ್ದ ಜಾತ್ರೆಗೆ ಐವತ್ತು ವರ್ಷ ತುಂಬಿದಾಗ ಊರಿನವರು ಮಗನನ್ನು ಅಧ್ಯಕ್ಷರಾಗಿ ಕರೆದರು. ದೇಶವಿದೇಶಗಳಲ್ಲಿ ಮನ್ನಣೆ ಪಡೆದ ವಿಜ್ಞಾನಿ ತಮ್ಮ ಪ್ರಯೋಗಗಳನ್ನು ಕುರಿತು ಮಾತಾಡುವರೆಂದು ಜನ ಕಾದಿದ್ದಿರಬೇಕು. ಅವರು ಮಾತಾಡಿದ್ದು ತಂದೆಯ ಸೋಲುಗಳನ್ನು ಕುರಿತು. ಬ್ಯಾಂಕು, ಚಹಾ ತೋಟ, ನೇಯ್ಗೆ, ಅನಾಥರ ಕಾರ್ಖಾನೆ ಎಲ್ಲವನ್ನೂ ಒಂದೊಂದಾಗಿ ಎಣಿಸಿದರು. ಕಾಲಕ್ಕಿಂತ ಮುಂಚೆ ಹುಟ್ಟಿದ ಮನುಷ್ಯ ಸೋತನೆಂದು ಒಪ್ಪಿದರು. ಆ ಸೋಲನ್ನು ಹತ್ತಿರದಿಂದ ಕಂಡ ಮಗನಿಗೆ ಗೆಲುವೂ ಸೋಲೂ ಒಂದೇ ಆಗಿ ತೋರಿದವೆಂದರು. ತಾವು ಏನಾದರೂ ಮಾಡಿದ್ದರೆ ಅದು ನಿಂತಿರುವುದು ಆ ಸೋಲಿನ ಮೇಲೆ ಎಂದರು. ಆ ಬ್ಯಾಂಕು ಆಗಲೂ ನಡೆಯುತ್ತಿತ್ತು. ಷೇರುಗಳನ್ನು ದಾನ ಪಡೆದವರ ಮಕ್ಕಳು ಮೊಮ್ಮಕ್ಕಳು ಆ ಸಭೆಯಲ್ಲಿ ಕುಳಿತಿದ್ದರೂ ಕುಳಿತಿದ್ದಿರಬಹುದು.